ಕಾರಿನ ತಲೆಗೂ ಸಿಂಬಿ

ಹೊರುವುದು ನಮಗೆ ಗೊತ್ತು. ಅಕ್ಷರ ಗೊತ್ತಾಗುವುದಕ್ಕೆ ಮೊದಲೇ ಗೊತ್ತು. ಆದರೆ ಒಂದು ಕಾರಿಗೆ ಹೊರಿಸುವುದು ಹೇಗೆ ಎಂಬುದನ್ನು ನಾವು ಕಲಿತದ್ದು ಮೂಲ್ಕಿಯ ಕಡಲ ದಂಡೆಯಲ್ಲಿ.

ನಾವು ಅಂದರೆ ಶೆಡ್ಡಿನ ಸಾಲಿನ ಮೂವರು ಹುಡುಗರು. ಬಾಗಲಕೋಟೆ ಕಡೆಯ ಕೇರಿಯವರು. 2003ರ ಬರದಲ್ಲಿ ನಮ್ಮ ಅವ್ವ ಅಪ್ಪಂದಿರು ಗಂಟುಮೂಟೆ ಕಟ್ಟಿಕೊಂಡು ಮಂಗಳೂರು ಕಡೆಗೆ ಗಾರೆ ಕೆಲಸಕ್ಕೆ ಬಂದಾಗ ನಾವು ಅವರ ಬಗಲಲ್ಲಿದ್ದೆವು. ಅವರು ಕಟ್ಟಿದ ಮನೆಗಳಲ್ಲಿ ಬೇರೆಯವರು ಇದ್ದಾರೆ. ನಾವು ತಗಡಿನ ಶೆಡ್ಡಿನಲ್ಲಿ ಬೆಳೆದೆವು. ಮನೆಯಲ್ಲಿ ನಮ್ಮ ಕಡೆಯ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಬೀದಿಯಲ್ಲಿ ತುಳು. ಮೂವರಲ್ಲಿ ಒಬ್ಬನಿಗೆ ಬಿ.ಎ. ಡಿಗ್ರಿ ಬಂದಾಗ ಮೂವರೂ ಪಾಸಾದೆವು ಅಂತಲೇ ನಮ್ಮವ್ವ ಸಾಲಿಗೆಲ್ಲ ಸಕ್ಕರೆ ಹಂಚಿದಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮೆಟ್ಟಿಲು ಕಟ್ಟಿದವರು ಮಾತ್ರ ನಮ್ಮಲ್ಲಿ ಬಹಳ ಜನ.

ಡಿಗ್ರಿ ಬಂತು, ನೌಕರಿ ಬರಲಿಲ್ಲ. ಪದ್ಯ ಬರೆಯುವ ಚಟಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಕಡಲ ಹತ್ತಿರದ ಒಂದು ವಸತಿಗೃಹದಲ್ಲಿ ಹಲಗೆ ಹೊರುವ ಕೆಲಸ ಸಿಕ್ಕಿತು. ಅಲೆಯ ಮೇಲೆ ನಿಂತು ಜಾರುವ ಸರ್ಫಿಂಗ್ ಹಲಗೆಗಳು. ಮೂಲ್ಕಿಯಲ್ಲಿ ಈ ಆಟ ಬೇರೂರಿದ್ದು 2004ರ ಆಚೀಚೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರ ಮೇ ತಿಂಗಳಲ್ಲಿ ದೇಶದ ಮಟ್ಟದ ಪಂದ್ಯವೇ ನಡೆಯಿತು. ಈಗ ಮಳೆಗಾಲ ಕಳೆದರೆ ಬೆಂಗಳೂರಿನ ಕಾರುಗಳು ಬರುತ್ತವೆ. ಅವುಗಳ ನೆತ್ತಿಗೆ ಹಲಗೆ ಕಟ್ಟುವುದು, ಬಿಚ್ಚುವುದು, ತೊಳೆಯುವುದು, ಒಣಗಿಸುವುದು ನಮ್ಮ ಪಾಲು.

ಗೆಳೆಯರೇ, ಈ ಹಲಗೆ ನೋಡಲು ದೊಡ್ಡದು, ಎತ್ತಲು ಹಗುರ. ಕಲಿಯುವವರ ಒಂಬತ್ತು ಅಡಿ ಹಲಗೆ ಏಳೆಂಟು ಕೆ.ಜಿ. ಇದ್ದೀತು. ಒಳಗೆ ಫೋಮು, ಹೊರಗೆ ಗಾಜಿನ ನಾರಿನ ಚಿಪ್ಪು. ಹಿಂದೆ ಹೀಗಿರಲಿಲ್ಲ. ನೂರು ವರ್ಷದ ಕೆಳಗೆ ಕ್ಯಾಲಿಫೋರ್ನಿಯಾದಲ್ಲಿ ಇಡೀ ಮರದಿಂದ ಕೆತ್ತಿದ ಹಲಗೆ 40 ಕೆ.ಜಿ. ಮೀರುತ್ತಿತ್ತು. 1950ರ ದಶಕದ ಕೊನೆಗೆ ಪಾಲಿಯುರಿಥೇನ್ ಫೋಮು ಬಂತು. ಹಲಗೆ ಹಗುರಾಯಿತು, ಒಬ್ಬನೇ ಎತ್ತಿ ಕಾರಿನ ಮೇಲೆ ಇಡುವ ಹಾಗಾಯಿತು. ಆಟ ಊರಿಂದೂರಿಗೆ ಹರಡಿತು. ಜಗತ್ತಿನಲ್ಲಿ ಕೆಲವರ ಹೊರೆ ಹೀಗೆ ಹಗುರಾಗುತ್ತಾ ಹೋಗುತ್ತದೆ. ನಮ್ಮವ್ವನ ಜಲ್ಲಿ ಬುಟ್ಟಿಯ ತೂಕ ಮಾತ್ರ ಅವಳು ಬಂದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ.

ಹಗುರಾದದ್ದನ್ನು ಕಟ್ಟುವುದೇ ಕಷ್ಟ. ಭಾರವಾದದ್ದು ತನ್ನ ತೂಕಕ್ಕೇ ಕೂತಿರುತ್ತದೆ, ಹಗುರಾದದ್ದು ಗಾಳಿಯ ಮಾತು ಕೇಳುತ್ತದೆ. ಕಾರು ಓಡುವಾಗ ಗಾಳಿ ಹಲಗೆಯ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ಎತ್ತುತ್ತದೆ. ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ ನಲವತ್ತರಲ್ಲಿ ಸುಮ್ಮನೆ ಮಲಗಿದ್ದ ಹಲಗೆ ಎಂಬತ್ತರಲ್ಲಿ ಹದ್ದಾಗುತ್ತದೆ. ಅದಕ್ಕೇ ಕ್ರಮವಿದೆ. ದೊಡ್ಡ ಹಲಗೆ ಕೆಳಗೆ, ಸಣ್ಣದು ಮೇಲೆ. ಬಾಲದಲ್ಲಿರುವ ರೆಕ್ಕೆಗಳು ಆಕಾಶಕ್ಕೆ ಮುಖ ಮಾಡಿ ಕಾರಿನ ಮುಂಭಾಗಕ್ಕೆ ಬರಬೇಕು; ಆಗ ಹಲಗೆ ಹಿಂದಕ್ಕೆ ಜಾರಿದರೂ ರೆಕ್ಕೆ ಪಟ್ಟಿಗೆ ಸಿಕ್ಕಿ ನಿಲ್ಲುತ್ತದೆ. ಕಾಲು ಜಾರದಂತೆ ಮೇಣ ಹಚ್ಚಿದ ಮುಖ ಕೆಳಗಿರಬೇಕು. ಮೇಲಿದ್ದರೆ ಬಿಸಿಲಿಗೆ ಮೇಣ ಕರಗಿ ಸೋರುತ್ತದೆ. ಪಟ್ಟಿಯನ್ನು ಬಕಲಿನಲ್ಲಿ ಕೈಯಿಂದ ಎಳೆದು ಬಿಗಿಯಬೇಕು. ಲಾರಿಯವರು ಲಿವರ್ ಹಾಕಿ ಟಕಟಕ ಬಿಗಿಯುವ ಬೆಲ್ಟು ಹಾಕಿದರೆ ಹಲಗೆಯ ಅಂಚು ಚಪ್ಪಟೆಯಾಗುತ್ತದೆ. ಕಾರಿನ ನೆತ್ತಿಯ ಕಬ್ಬಿಣದ ಅಡ್ಡಪಟ್ಟಿಗೂ ಹಲಗೆಗೂ ನಡುವೆ ಮೆತ್ತೆ ಬೇಕೇ ಬೇಕು.

ಆ ಮೆತ್ತೆಯಿಂದಲೇ ಈ ಬರಹ ಹುಟ್ಟಿದ್ದು.

ಒಂದು ದಿನ ನಮ್ಮವ್ವ ಅದೇ ಬೀದಿಯ ಕಾಂಪೌಂಡಿನ ಕೆಲಸಕ್ಕೆ ಬಂದಿದ್ದಳು. ಮಧ್ಯಾಹ್ನ ಬುತ್ತಿ ಕೊಡಲು ಬಂದವಳು ನಾವು ಹಳೆಯ ಟವೆಲು ಸುತ್ತಿ ಕಾರಿನ ಅಡ್ಡಪಟ್ಟಿಗೆ ಕಟ್ಟುವುದನ್ನು ನೋಡುತ್ತಾ ನಿಂತಳು.

"ಏನ್ರೋ ಇದು, ಕಾರಿನ ತಲಿಗೂ ಸಿಂಬಿ ಮಾಡಾಕತ್ತೀರಿ?"

"ಹೌದವ್ವಾ. ಇಲ್ಲಂದ್ರ ಹಲಗಿಗೆ ಪೆಟ್ಟಾಗತೈತಿ."

"ಹಲಗಿಗೋ, ಕಾರಿಗೋ?"

"ಎರಡಕ್ಕೂ."

ಅವಳು ನಕ್ಕಳು. ತನ್ನ ತಲೆಯ ಮೇಲಿದ್ದ ಹರಕು ಸೀರೆಯ ಸಿಂಬಿ ತೆಗೆದು ಕೈಯಲ್ಲಿ ಹಿಡಿದು, "ನಮಗ ಸಿಂಬಿ ಇಟಗೋ ಅಂತ ಯಾವ ಮೇಸ್ತ್ರಿನೂ ಹೇಳಿಲ್ಲ. ನಮ್ಮ ತಲಿ ನಾವ ನೋಡಿಕೊಂಡಿವಿ" ಅಂದಳು. ಆಮೇಲೆ ಪಟ್ಟಿಯನ್ನು ಮುಟ್ಟಿ ನೋಡಿ, "ಇದು ಗಾಳಿಗೆ ಬಡ್ಕೋತೈತಿ. ಹಗ್ಗಕ್ಕ ಕೊಡೋಹಂಗ ಒಂದು ಹುರಿ ಕೊಡ್ರೋ. ಭಾರದ ನಡು ನೋಡ್ರಿ, ತುದಿ ಹಿಡಿದ್ರ ತುದಿ ಓಡತೈತಿ" ಅಂತ ಹೇಳಿ ಹೋದಳು. ಒಂದು ಸುತ್ತು ತಿರುಚಿ ಕಟ್ಟಿದ ಮೇಲೆ ಪಟ್ಟಿಯ ಗುಂಯ್ ಸದ್ದು ನಿಂತುಹೋಯಿತು. ಆಮೇಲೆ ಮೊಬೈಲಿನಲ್ಲಿ ಹುಡುಕಿ ನೋಡಿದರೆ ಆಸ್ಟ್ರೇಲಿಯಾ, ಅಮೆರಿಕದ ಅನುಭವಿಗಳೂ ಅದನ್ನೇ ಹೇಳಿದ್ದರು. ಅವರದ್ದಕ್ಕೆ ತಂತ್ರ ಅಂತ ಹೆಸರು. ನಮ್ಮವ್ವನದ್ದಕ್ಕೆ ಕೂಲಿ ಅಂತ ಹೆಸರು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮ ಹಿಂದಿನವರ ತಲೆಯ ಮೇಲೆ ಏನೇನು ಕೂತಿತ್ತು ಅಂತ ಲೆಕ್ಕ ಹಾಕಿದೆವು. ಗೌಡರ ಗೊಬ್ಬರ, ಕಣದ ರಾಶಿ, ಸತ್ತ ದನದ ತೊಗಲು, ಊರಿನ ಕಲ್ಲು. ಪಟ್ಟಣಕ್ಕೆ ಬಂದವರ ತಲೆಯ ಮೇಲೆ ಪಟ್ಟಣದ ಮಲ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ದೇಶಕ್ಕೊಂದು ಕಾನೂನು ಬರಲು 1993 ಬರಬೇಕಾಯಿತು. ಅದು ಸಾಲದೆ 2013ರಲ್ಲಿ ಮತ್ತೊಂದು ಬಂತು. ಒಬ್ಬ ಮನುಷ್ಯನ ತಲೆಯಿಂದ ಒಂದು ಬುಟ್ಟಿ ಇಳಿಸಲು ಇಷ್ಟು ಕಾನೂನು ಬೇಕಾದ ದೇಶದಲ್ಲಿ, ಕಾರಿನ ಬಣ್ಣಕ್ಕೆ ಗೀರು ಬೀಳಬಾರದು ಅಂತ ಮೆತ್ತೆ ಹಾಕುತ್ತಿದ್ದೇವೆ ನಾವು. ಮೆತ್ತೆ ಹಾಕಬಾರದು ಅನ್ನುವುದಿಲ್ಲ. ಹಾಕಲೇಬೇಕು. ಮೆತ್ತೆ ಬೇಕು ಅನ್ನುವ ಬುದ್ಧಿ ಮೊದಲು ಯಾವ ತಲೆಯನ್ನು ನೋಡಿ ಬರಬೇಕಿತ್ತು, ಅದು ನಮ್ಮ ಪ್ರಶ್ನೆ.

ಇನ್ನು ಆ ಅಪಘಾತದ ಮಾತು.

ವಸತಿಗೃಹದಲ್ಲಿ ಎರಡು ಜೊತೆ ಒಳ್ಳೆಯ ಪಟ್ಟಿಗಳಿದ್ದವು. ಒಂದರ ಬಕಲಿಗೆ ಉಪ್ಪುನೀರಿನ ತುಕ್ಕು ಹಿಡಿದಿತ್ತು. ಹೊಸದು ತರಿಸಿಕೊಡಿ ಅಂತ ಕೇಳಿದೆವು. "ಸದ್ಯಕ್ಕೆ ಹಗ್ಗ ಉಂಟಲ್ಲ ಮಾರಾಯಾ" ಅಂದರು ಧಣಿ. ನೈಲಾನ್ ಹಗ್ಗ ಉಪ್ಪಿಗೆ, ಬಿಸಿಲಿಗೆ ಸಿಕ್ಕಿ ಬಿಳಿಚಿಕೊಂಡಿತ್ತು. ಆ ಭಾನುವಾರ ಅತಿಥಿಗಳು ಪಣಂಬೂರಿಗೆ ಹೊರಟರು. ಮೂರು ಹಲಗೆ. ನಾವು ಕಟ್ಟಿ, ನಿಧಾನ ಹೋಗಿ ಅಂತ ಹೇಳಿದೆವು. ಹೆದ್ದಾರಿ 66 ನಿಧಾನ ಹೋಗುವವರ ರಸ್ತೆಯಲ್ಲ. ಹಳೆಯಂಗಡಿ ದಾಟಿದ ಮೇಲೆ ಎದುರಿನಿಂದ ಟ್ಯಾಂಕರು ಬಂತಂತೆ, ಗಾಳಿ ಹೊಡೆಯಿತಂತೆ, ಹಗ್ಗ ಕಡಿಯಿತಂತೆ. ಮೇಲಿನ ಹಲಗೆ ಹಾರಿ ರಸ್ತೆಗೆ ಬಿತ್ತು. ಹಿಂದೆ ಬೈಕಿನಲ್ಲಿ ಒಬ್ಬ ಗಂಡಸು, ಅವನ ಮುಂದೆ ಟ್ಯಾಂಕಿನ ಮೇಲೆ ಕೂತ ಮಗು. ಅವನು ಪಕ್ಕಕ್ಕೆ ಎಳೆದುಕೊಂಡ, ಮಣ್ಣಿಗೆ ಇಳಿದ, ಬೀಳಲಿಲ್ಲ. ಮಗುವಿಗೆ ಏನೂ ಆಗಲಿಲ್ಲ.

ಈ "ಅಂತೆ"ಗಳು ಯಾಕೆಂದರೆ ನಾವು ಆ ಕಾರಿನಲ್ಲಿ ಇರಲಿಲ್ಲ. ಯಾವತ್ತೂ ಇರುತ್ತಿರಲಿಲ್ಲ. ಹಲಗೆ ಕಟ್ಟಿದ ಮೇಲೆ "ಕಾರು ಫುಲ್ ಉಂಟು, ನೀವು ಸೈಕಲಲ್ಲಿ ಬನ್ನಿ" ಅನ್ನುವುದು ವಾಡಿಕೆ. ಸಸಿಹಿತ್ಲುವಿಗಾದರೆ ಸೈಕಲ್ ತುಳಿದು ಕಾರಿಗಿಂತ ಮೊದಲು ಅಲ್ಲಿರಬೇಕು, ಬಿಚ್ಚಲು. ಪಣಂಬೂರಿಗಾದರೆ ಬಸ್ಸು. ಹಲಗೆಗೆ ಕಾರಿನಲ್ಲಿ ಜಾಗ ಇತ್ತು, ನಮಗೆ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಬೆನ್ನಚೀಲ ಒರಗಿ ಕೂತಿದ್ದನ್ನು ನಾವೇ ಎಷ್ಟೋ ಸಲ ನೋಡಿದ್ದೇವೆ. ಯಾವ ಊರು, ಯಾವ ಜನ ಅಂತ ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದರು. ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಒಳಗೆ ಫಿಲ್ಟರಿನ ನೀರಿತ್ತು. ನಮಗೆ ಹಲಗೆ ತೊಳೆಯುವ ನಲ್ಲಿ ತೋರಿಸಿದ್ದರು, ಅಷ್ಟೇ.

ಹಲಗೆಯ ಮೂತಿ ಮುರಿದಿತ್ತು. "ಕಟ್ಟಿದ್ದು ಯಾರು?" ಎಂಬುದೇ ಧಣಿಯ ಮೊದಲ ಮಾತು. ಮಗುವಿನ ಸುದ್ದಿ ಆಮೇಲೆ ಬಂತು. ತಿಂಗಳಿಗೆ 2,000 ರೂಪಾಯಿಯಂತೆ ಏಳು ತಿಂಗಳು ನಮ್ಮ ಮೂವರ ಸಂಬಳದಲ್ಲಿ ಹಂಚಿ ಮುರಿದುಕೊಳ್ಳುತ್ತೇವೆ ಅಂದರು. ಹಗ್ಗ ಕೊಟ್ಟವರು ಯಾರು ಅಂತ ನಾವು ಅವತ್ತು ಕೇಳಲಿಲ್ಲ. ತಲೆ ತಗ್ಗಿಸಿ ನಿಂತೆವು. ಬಿ.ಎ. ಪಾಸಾದ ತಲೆಯೂ ತಗ್ಗಿತ್ತು. ಅದನ್ನು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ.

ಆ ಏಳು ತಿಂಗಳಲ್ಲಿ ನಾವು ಓದಿದೆವು. ಈ ಹಲಗೆ ಎಲ್ಲಿಂದ ಬಂತು, ಯಾರು ಹೊತ್ತರು, ಯಾರು ನಿಂತರು ಅಂತ.

ಹವಾಯಿ ದ್ವೀಪದಲ್ಲಿ ಅರಸರೂ ಆಳುಗಳೂ ಹೆಂಗಸರೂ ಅಲೆಯ ಮೇಲೆ ಆಡುತ್ತಿದ್ದರು. ಆದರೆ ಅಲ್ಲಿಯೂ ಕಟ್ಟಳೆ ಇತ್ತು. ಒಲೋ ಎಂಬ ಉದ್ದನೆಯ ಹಲಗೆ ಒಡೆಯರ ಕುಲಕ್ಕೆ, ಅಲಾಯಾ ಎಂಬ ಗಿಡ್ಡ ಹಲಗೆ ಸಾಮಾನ್ಯರಿಗೆ. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಪಾಕಿ ಎಂಬ ಒಡೆಯನ ಹಲಗೆಗಳಿವೆ. ಹದಿನಾರು ಅಡಿ ಆಸುಪಾಸಿನ ಉದ್ದ, 70 ಕೆ.ಜಿ. ಹತ್ತಿರದ ತೂಕ. ಅಂಥದ್ದನ್ನು ದಂಡೆಯ ತನಕ ಹೊತ್ತವರ ಹೆಸರು ಯಾವ ಪುಸ್ತಕದಲ್ಲೂ ನಮಗೆ ಸಿಗಲಿಲ್ಲ. ಆ ನಾಡಿನ ಮಡಿ ಮೈಲಿಗೆಯ ಕಟ್ಟಳೆಗೆ ಕಪು ಅಂತ ಹೆಸರು. ಗಂಡಸರು ಹೆಂಗಸರು ಒಟ್ಟಿಗೆ ಕೂತು ಉಣ್ಣುವ ಹಾಗಿರಲಿಲ್ಲ. 1819ರಲ್ಲಿ ಎರಡನೆಯ ಕಮೇಹಮೇಹ ಅರಸ ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡ. ಕಟ್ಟಳೆ ಕುಸಿಯಿತು. ಒಂದು ಊಟದಿಂದ! ಸಹಭೋಜನ ಎಂಬ ಮಾತಿನ ಬಲ ಗೊತ್ತಿರುವ ನಮಗೆ ಅದನ್ನು ಓದಿದಾಗ ಮೈ ಜುಮ್ಮೆಂದಿತು. ಮರುವರ್ಷವೇ ಮಿಷನರಿಗಳು ಬಂದಿಳಿದರು. ಅವರ ಕಣ್ಣಿಗೆ ಬರಿಮೈಯ ಅಲೆಯಾಟ ಸೋಮಾರಿಗಳ ಆಟವಾಗಿ ಕಂಡಿತು. ಇದ್ದವರ ಆಟವನ್ನು ಇಲ್ಲದವರು ಆಡಿದರೆ ಸೋಮಾರಿತನ ಅನ್ನುವುದು ಎಲ್ಲ ದೇಶದ ರೂಢಿ ಇರಬೇಕು.

ದಕ್ಷಿಣ ಆಫ್ರಿಕಾದಲ್ಲಿ 1953ರ ಕಾನೂನು ಬೆಂಚು, ಬಸ್ಸು, ಕಡಲ ದಂಡೆ ಎಲ್ಲವನ್ನೂ ಬಣ್ಣದ ಮೇಲೆ ಬೇರೆ ಮಾಡಲು ಅಪ್ಪಣೆ ಕೊಟ್ಟಿತು. ಅದು ರದ್ದಾದದ್ದು 1990ರಲ್ಲಿ. ಅಲೆಯನ್ನು ತಡೆಯಲು ಅವರ ಕೈಲಿ ಆಗಲಿಲ್ಲ, ಅಲೆಯ ಕಡೆಗೆ ಹೋಗುವ ಕಾಲನ್ನು ತಡೆದರು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಕೆರೆಗೆ ಇಳಿದದ್ದೂ ಇದಕ್ಕೇ ಅಲ್ಲವೇ? ನೀರಿಗೆ ಜಾತಿ ಇಲ್ಲ. ನೀರಿಗೆ ಇಳಿಯುವ ಮೆಟ್ಟಿಲಿಗೆ ಇತ್ತು.

ಹೀಗೆ ಓದುತ್ತಾ ಒಬ್ಬ ಸಿಕ್ಕಿದ. ನಿಕ್ ಗಬಾಲ್ಡನ್. ಅವ್ವ ಕರಿಯಳು, ಅಪ್ಪ ಮೆಕ್ಸಿಕನ್ ಮೂಲದವನು. 1927ರಲ್ಲೇ ಹುಟ್ಟಿದವನು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಕರಿಯರ ಪಾಲಿಗೆ ಉಳಿದಿದ್ದ ದಂಡೆಯ ತುಂಡನ್ನು ಬಿಳಿಯರು ಇಂಕ್‌ವೆಲ್ ಎಂದು ಕರೆಯುತ್ತಿದ್ದರು. ಅಂದರೆ ಮಸಿಕುಡಿಕೆ. ಅಲ್ಲಿ ಅವನು ಅಲೆಯಾಟ ಕಲಿತ. ಒಳ್ಳೆಯ ಅಲೆ ಇದ್ದದ್ದು ಮಾಲಿಬುವಿನಲ್ಲಿ, ಹನ್ನೆರಡು ಮೈಲಿ ದೂರ. ಹಲಗೆ ಕಟ್ಟಿಕೊಂಡು ಹೋಗಲು ಅವನ ಬಳಿ ಕಾರಿರಲಿಲ್ಲ. ಹಲಗೆಯನ್ನು ನೀರಿಗೆ ಹಾಕಿ, ಅದರ ಮೇಲೆ ಬೋರಲು ಮಲಗಿ, ಕೈಯನ್ನೇ ಹುಟ್ಟು ಮಾಡಿಕೊಂಡು ಅಲ್ಲಿಯವರೆಗೆ ಹೋದ ಅಂತ ಅವನನ್ನು ಬಲ್ಲವರು ಹೇಳುತ್ತಾ ಬಂದಿದ್ದಾರೆ. ರಸ್ತೆಯಲ್ಲಿ ಅವನ ಪಾಲು ಇರಲಿಲ್ಲ, ಕಡಲನ್ನೇ ರಸ್ತೆ ಮಾಡಿಕೊಂಡ. 1951ರ ಜೂನಿನಲ್ಲಿ ಮಾಲಿಬುವಿನ ಅಲೆಯೊಂದರ ಮೇಲೆ ಬರುತ್ತಿದ್ದಾಗ ಅಲ್ಲಿಯ ಕಟ್ಟೆಯ ಕಂಬಕ್ಕೆ ಬಡಿದು ಸತ್ತ. ಇಪ್ಪತ್ನಾಲ್ಕು ವಯಸ್ಸು. ಕಾಲೇಜು ಓದುತ್ತಿದ್ದ. ಕವಿಯೂ ಆಗಿದ್ದ. ಸಾಯುವ ಕೆಲವೇ ದಿನ ಮೊದಲು ಕಾಲೇಜಿನ ಪತ್ರಿಕೆಯಲ್ಲಿ ಅವನದೊಂದು ಪದ್ಯ ಅಚ್ಚಾಗಿತ್ತು, ಕಡಲು ನುಂಗಿದ ಜೀವಗಳ ಮೇಲೆ.

ಗೆಳೆಯರೇ, ಅದನ್ನು ಓದಿ ನಾವು ಮೂವರೂ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ವಯಸ್ಸಿನವನು, ನಮ್ಮ ಹಾಗೆ ಪದ್ಯ ಕಟ್ಟುವವನು, ನಮ್ಮ ಹಾಗೆ ಕಾರಿಲ್ಲದವನು. ಅವನು ಸೈಕಲ್ಲಿನಲ್ಲಿ ಹಿಂದೆ ಬರಲಿಲ್ಲ.

ಮರುದಿನ ಒಂದು ಹಾಳೆ ತೆಗೆದುಕೊಂಡೆವು. ಡಿಗ್ರಿ ಓದಿದ್ದು ಸಾರ್ಥಕವಾಗಲಿ ಅಂತ ಒಳ್ಳೆಯ ಕನ್ನಡದಲ್ಲಿ ಬರೆದೆವು. ಹೊರೆ ಕಟ್ಟಲು ಬಕಲಿನ ಪಟ್ಟಿ ಕೊಡಬೇಕು, ಹಗ್ಗದಲ್ಲಿ ಕಟ್ಟುವುದಿಲ್ಲ. ಮಿತಿ ಮೀರಿ ಚಾಚಿದ ಹೊರೆಗೆ ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ ಎಂದು ಬರೆದಿದೆ. ಆದ್ದರಿಂದ ಎಷ್ಟು ಹಲಗೆ ಎಂಬುದನ್ನು ಕಟ್ಟುವವರ ಮಾತು ಕೇಳಿ ನಿರ್ಧರಿಸಬೇಕು. ಕಟ್ಟಿದವರಲ್ಲಿ ಒಬ್ಬರು ಕಾರಿನ ಒಳಗೆ ಕೂತು ಹೋಗಬೇಕು, ದಾರಿಯಲ್ಲಿ ನಿಲ್ಲಿಸಿ ಪಟ್ಟಿ ನೋಡಲು. ಮುರಿದುಕೊಂಡ ಸಂಬಳ ವಾಪಸು ಕೊಡಬೇಕು. ಕುಡಿಯುವ ನೀರು ಎಲ್ಲರಿಗೂ ಒಂದೇ ಕಡೆ ಇರಬೇಕು. ಕೆಳಗೆ ಮೂರು ರುಜು. ಒಬ್ಬ ಇಂಗ್ಲಿಷಿನಲ್ಲಿ, ಇಬ್ಬರು ಕನ್ನಡದಲ್ಲಿ.

ಧಣಿ ಓದಿ ಮಡಚಿ ಜೇಬಿಗೆ ಹಾಕಿಕೊಂಡರು. "ಓದಿದವರನ್ನು ಇಟ್ಟುಕೊಂಡರೆ ಇದೇ ತಾಪತ್ರಯ" ಅಂದರು. ಮರುದಿನ ಬೆಳಿಗ್ಗೆ ಆರಕ್ಕೆ ಅತಿಥಿಗಳು ಬಂದು ನಿಂತರು. ನಾವು ಹಲಗೆಗಳನ್ನು ತಂದು ಕಾರಿನ ಪಕ್ಕ ನೆಲಕ್ಕೆ ಮಲಗಿಸಿದೆವು. ಎತ್ತಲಿಲ್ಲ. ಹೊರುವವರು ಹೊರದಿದ್ದರೆ ಹೊರೆ ನೆಲದ ಮೇಲಿರುತ್ತದೆ. ಆರೂವರೆ ಆಯಿತು, ಏಳಾಯಿತು. ಅತಿಥಿಗಳಲ್ಲಿ ಒಬ್ಬಾಕೆ ವಿಷಯ ಏನೆಂದು ಕೇಳಿದರು. ಹೇಳಿದೆವು. ಆಕೆ ಹಿಂದಿನ ಸೀಟಿನ ಬೆನ್ನಚೀಲ ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, "ಕೂತ್ಕೊಳ್ಳಿ" ಅಂದರು. ಅಷ್ಟು ಸಣ್ಣ ಕೆಲಸ. ಅದಕ್ಕೆ ಎರಡು ವರ್ಷ ಹಿಡಿಯಿತು.

ಆ ವಾರ ಹೊಸ ಪಟ್ಟಿ ಬಂತು. ನೀರಿನ ಫಿಲ್ಟರು ಹೊರಗಿನ ಜಗಲಿಗೆ ಬಂತು. ಮುರಿದುಕೊಂಡ ದುಡ್ಡು ಇವತ್ತಿಗೂ ಬಂದಿಲ್ಲ. ಕೇಳುತ್ತಲೇ ಇದ್ದೇವೆ. ಇದನ್ನು ಗೆಲುವು ಅಂತ ಹೇಳಿಕೊಳ್ಳುವ ಧೈರ್ಯ ನಮಗಿಲ್ಲ. ಗಾರೆ ಕೆಲಸದ ಹೆಂಗಸರ ತಲೆಯ ಬುಟ್ಟಿ ಹಾಗೇ ಇದೆ. ಆದರೆ ತಗ್ಗಿಸಿದ ತಲೆ ಎತ್ತುವುದನ್ನು ಎಲ್ಲಿಂದಲೋ ಶುರು ಮಾಡಬೇಕಲ್ಲ, ನಮಗೆ ಅದು ಒಂದು ಕಾರಿನ ಹಿಂದಿನ ಸೀಟಿನಿಂದ ಶುರುವಾಯಿತು.

2025ರ ಆಗಸ್ಟಿನಲ್ಲಿ ಮಾಮಲ್ಲಪುರಂನಲ್ಲಿ ಏಷ್ಯಾದ ಸರ್ಫಿಂಗ್ ಪಂದ್ಯ ನಡೆದಾಗ ರಮೇಶ್ ಬೂದಿಹಾಳ್ ಕಂಚಿನ ಪದಕ ಗೆದ್ದರು. ಸುದ್ದಿ ಓದಿ ಹೇಳಿದಾಗ ನಮ್ಮವ್ವ ಆಟದ ಬಗ್ಗೆ ಏನೂ ಕೇಳಲಿಲ್ಲ. "ಬೂದಿಹಾಳ? ಅದು ನಮ್ಮ ಕಡೀ ಹೆಸರಲ್ಲೇನು?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನೀವು ದಿನಾ ಹೊರತೀರಿ. ಒಂದ್ಸಲರ ಅದರ ಮ್ಯಾಲ ನಿಂತೀರೇನು?" ಅಂತ ಕೇಳಿದಳು.

ನಿಂತಿರಲಿಲ್ಲ. ಮೂರು ವರ್ಷ ಹೊತ್ತಿದ್ದೆವು, ಒಂದು ದಿನವೂ ನಿಂತಿರಲಿಲ್ಲ.

ಮಳೆ ಕಳೆದ ಮೇಲೆ ಒಂದು ಸೋಮವಾರ, ರಜೆಯ ದಿನ, ಮೂತಿ ಮುರಿದ ಆ ಹಲಗೆಯನ್ನೇ ಕೇಳಿ ತೆಗೆದುಕೊಂಡೆವು. ಅದರ ಬೆಲೆ ನಾವೇ ಕೊಟ್ಟಿದ್ದೆವಲ್ಲ. ಗಾಯಕ್ಕೆ ರಾಳ ಬಳಿದು ನಾರಿನ ಬಟ್ಟೆ ಅಂಟಿಸಿದ್ದೆವು. ಕಾರಿರಲಿಲ್ಲ. ಅವ್ವನ ಸಿಂಬಿ ಇತ್ತು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಹಲಗೆ, ಒಬ್ಬರಾದ ಮೇಲೆ ಒಬ್ಬರು ಹೊತ್ತು ಸಸಿಹಿತ್ಲುವಿಗೆ ನಡೆದೆವು. ನಮ್ಮವ್ವ ಹಿಂದೆ ಬಂದಳು. ಇಪ್ಪತ್ತು ವರ್ಷ ಕಡಲ ಊರಿನಲ್ಲಿ ಮರಳು ಹೊತ್ತವಳು, ಕಡಲಿಗೆ ಪಾದಕ್ಕಿಂತ ಮೇಲೆ ಇಳಿದವಳಲ್ಲ.

ಹಲವು ಸಲ ಬಿದ್ದೆವು. ಉಪ್ಪುನೀರು ಕುಡಿದೆವು. ಮೊಣಕಾಲು ತರಚಿತು. ಕೊನೆಗೆ ಒಂದು ಸಣ್ಣ ಅಲೆ, ನೊರೆಯ ಅಲೆ, ಕಲಿಯುವ ಮಕ್ಕಳ ಅಲೆ, ನಮ್ಮಲ್ಲೊಬ್ಬನನ್ನು ಎತ್ತಿ ನಿಲ್ಲಿಸಿ ದಂಡೆಯ ತನಕ ತಂದಿತು. ನಾಲ್ಕೈದು ಕ್ಷಣ ಇದ್ದೀತು. ಆ ನಾಲ್ಕೈದು ಕ್ಷಣದಲ್ಲಿ ಒಂದು ವಿಷಯ ಮೈಗೆ ತಿಳಿಯಿತು. ನಮ್ಮ ಹಿಂದಿನವರು ಹೊತ್ತ ಗೊಬ್ಬರ ಅವರನ್ನು ಹೊರಲಿಲ್ಲ. ಕಲ್ಲು ಹೊರಲಿಲ್ಲ. ಮಲ ಹೊರಲಿಲ್ಲ. ನಮ್ಮ ತಲೆಮಾರಿನ ತಲೆಗೆ ಬಂದ ಈ ಒಂದು ಹೊರೆ ನೀರಿಗೆ ಇಳಿದ ಮೇಲೆ ಹೊತ್ತವರನ್ನು ತಾನು ಹೊರುತ್ತದೆ.

ದಂಡೆಗೆ ಬಂದಾಗ ನಮ್ಮವ್ವ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಸೀರೆ ತೊಯ್ದಿತ್ತು. ಸಿಂಬಿ ಅವಳ ಕೈಯಲ್ಲಿತ್ತು.

"ತಲಿ ಮ್ಯಾಲ ತಂದದ್ದನ್ನ ಕಾಲ ಕೆಳಗ ಹಾಕಿ ನಿಂತ್ರಲ್ಲೋ," ಅಂದಳು. "ನೋಡಾಕ ಚಂದಿತ್ತು. ಇನ್ನೊಮ್ಮೆ ಹೋಗ್ರಿ."

ಹೋದೆವು.